ಗಂಡ ಗಡಿಯಲ್ಲಿ, ಕಾರ್ಡು ಮಾವನದ್ದು: ಹಾಸನ ಜಿಲ್ಲಾಧಿಕಾರಿಗಳಿಗೆ ಒಬ್ಬ ಸೈನಿಕನ ಹೆಂಡತಿಯ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಮಗನನ್ನೋ ಗಂಡನನ್ನೋ ಸೈನ್ಯಕ್ಕೆ ಕಳಿಸಿರುವ ನಮ್ಮ ಜಿಲ್ಲೆಯ ಎಲ್ಲ ಮನೆಗಳಿಗೆ,

ನಮಸ್ಕಾರ.

ನಾನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವಳು. ಮದುವೆಯಾಗಿ ಒಂದೂವರೆ ವರ್ಷವಾಯಿತು. ನಮ್ಮವರು ಸೈನ್ಯದಲ್ಲಿ ನಾಯಕ್. ಈಗ ಫೀಲ್ಡ್ ಏರಿಯಾದಲ್ಲಿದ್ದಾರೆ. ಅಂದರೆ ಹೆಂಡತಿ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳಲು ಆಗದ ಜಾಗ. ಹಾಗಾಗಿ ನಾನು ಅತ್ತೆ ಮಾವನ ಜೊತೆ ಊರಲ್ಲೇ ಇದ್ದೇನೆ. ನನಗೀಗ ಏಳು ತಿಂಗಳು.

ಕಳೆದ ವಾರ ಪಕ್ಕದ ಊರಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಮದುವೆಯಾಗಿ ಬರೀ ಇಪ್ಪತ್ತೆರಡು ದಿನ. ಗಂಡ ರಜೆ ಮುಗಿಸಿ ಆಗಲೇ ಯೂನಿಟ್‌ಗೆ ಹೊರಟು ಹೋಗಿದ್ದಾನೆ. "ಅಕ್ಕಾ, ನಮಗೆ ಮಿಲಿಟರಿ ಇನ್ಶೂರೆನ್ಸ್ ಇರುತ್ತಂತಲ್ಲಾ, ಅದರ ಕಾರ್ಡು ಎಲ್ಲಿ ಕೊಡ್ತಾರೆ?" ಅಂತ ಕೇಳಿದಳು. ಒಂದು ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಒಂದೂವರೆ ವರ್ಷದ ಹಿಂದೆ ನಾನೂ ಇದೇ ಮಾತನ್ನು ಊರೆಲ್ಲಾ ಕೇಳಿದ್ದೆ. ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಸರಿಯಾದ ಉತ್ತರ ಗೊತ್ತಾಗುವ ಹೊತ್ತಿಗೆ ಹೊಟ್ಟೆಯ ಮೇಲೆ ಹೊಲಿಗೆ ಬಿದ್ದಿತ್ತು, ಅತ್ತೆಯ ಕೈಬಳೆ ಅಡವಿಗೆ ಹೋಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮದುವೆಯಾಗಿ ಮೂರನೇ ತಿಂಗಳು. ಮನೆಯಲ್ಲಿ ಶುಂಠಿ ಕೀಳುವ ಕೆಲಸ ನಡೆದಿತ್ತು. ರಾತ್ರಿ ಉಂಡು ಮಲಗಿದವಳಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಅತ್ತೆ ಓಂಕಾಳು ಕುದಿಸಿದ ನೀರು ಕೊಟ್ಟರು. ಹನ್ನೆರಡರ ಹೊತ್ತಿಗೆ ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿಯಿತು. ನೆಟ್ಟಗೆ ನಿಲ್ಲಲು ಆಗಲಿಲ್ಲ. ನಮ್ಮವರ ಫೋನ್‌ಗೆ ನೆಟ್‌ವರ್ಕ್ ಇರಲಿಲ್ಲ. ಮಾವ ಬೀರು ತೆಗೆದು ತಮ್ಮ ಕಾರ್ಡನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ಹೆದ್ರಬೇಡ ಕಣವ್ವ, ಕಾರ್ಡ್ ಐತೆ. ಒಂದ್ರೂಪಾಯಿ ಕಟ್ಟಂಗಿಲ್ಲ" ಅಂದರು.

ಮಾವ ಕೂಡ ಸೈನ್ಯದಲ್ಲಿದ್ದವರು. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಬಿಪಿ ಮಾತ್ರೆ, ಅತ್ತೆಯ ಮಂಡಿನೋವಿನ ಔಷಧಿ ಎಲ್ಲಾ ಆ ಕಾರ್ಡುಗಳ ಮೇಲೇ ಬರುತ್ತೆ. ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಕೂಡ ಹಾಗೇ ಆಗಿದ್ದು. ಅದಕ್ಕೇ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ. ಮಿಲಿಟರಿ ಮನೆ, ಮಿಲಿಟರಿ ಕಾರ್ಡು, ಸೊಸೆಗೂ ಆಗುತ್ತೆ ಅಂದುಕೊಂಡಿದ್ದೆವು.

ರಾತ್ರಿ ಎರಡು ಗಂಟೆಗೆ ಒಂದು ಖಾಸಗಿ ಆಸ್ಪತ್ರೆಯ ಕೌಂಟರ್ ಮುಂದೆ ನಿಂತೆವು. ಅಲ್ಲಿದ್ದ ಹುಡುಗಿ ಕಾರ್ಡು ನೋಡಿದಳು. "ಇದು ನಿಮ್ಮ ಕಾರ್ಡು ಸರ್. ಪೇಷಂಟ್ ಕಾರ್ಡು ಕೊಡಿ" ಅಂದಳು. ಮಾವ ಆ ಕಾರ್ಡನ್ನು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಕೊಟ್ಟರು. ಧೂಳು ಕೂತು ಮಿಷನ್ ಓದುತ್ತಿಲ್ಲ ಅಂತ ಅವರು ಅಂದುಕೊಂಡಿದ್ದರು. ಅವಳು ಮತ್ತೆ ವಾಪಸ್ ಕೊಟ್ಟಳು. "ಸೊಸೆ ಇದರಲ್ಲಿ ಬರಲ್ಲ ಸರ್. ಬೇರೆ ಯಾವ ಕಂಪನಿ ಇನ್ಶೂರೆನ್ಸ್ ಇದೆ?"

ನಾನು ಬಗ್ಗಿಕೊಂಡೇ ಮೊಬೈಲ್ ತೆಗೆದೆ. ನಮ್ಮವರು ಒಮ್ಮೆ ಸಂಬಳದ ಚೀಟಿಯ ಫೋಟೋ ಕಳಿಸಿದ್ದರು. ಅದರಲ್ಲಿ ಪ್ರತಿ ತಿಂಗಳು ಎಜಿಐಎಫ್ ಅಂತ ಒಂದು ಮೊತ್ತ ಮುರಿಯುತ್ತಾರೆ. ಗ್ರೂಪ್ ಇನ್ಶೂರೆನ್ಸ್ ಅಂತ ಅವರೇ ಹೇಳಿದ್ದರು. ಇದೇ ನಮ್ಮ ಇನ್ಶೂರೆನ್ಸ್ ಅಂತ ತೋರಿಸಿದೆ. ಅವಳು ಪಕ್ಕದವರನ್ನು ಕೇಳಿದಳು. ಪಟ್ಟಿ ನೋಡಿದಳು. "ಇದು ನಮ್ಮ ಲಿಸ್ಟಲ್ಲಿ ಇಲ್ಲ ಮೇಡಂ. ಅಡ್ವಾನ್ಸ್ ಕಟ್ಟಿಬಿಡಿ, ಡಾಕ್ಟರ್ ಕಾಯ್ತಿದ್ದಾರೆ."

ಅಪೆಂಡಿಕ್ಸ್. ಬೆಳಗಿನ ಜಾವ ಆಪರೇಷನ್ ಆಯಿತು. ಶುಂಠಿ ವ್ಯಾಪಾರಿ ಕೊಟ್ಟಿದ್ದ ಮುಂಗಡ, ಬಳೆ ಅಡವಿಟ್ಟು ತಂದ ದುಡ್ಡು, ಎಲ್ಲಾ ಸೇರಿ 72 ಸಾವಿರ ಕಟ್ಟಿದೆವು. ನಾನು ಉಳಿದೆ, ಅಷ್ಟು ಸಾಕು. ಆದರೆ ಮೂರು ದಿನ ಮಾವ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ದುಡ್ಡು ಹೋಯಿತು ಅಂತಲ್ಲ. ಇಷ್ಟು ವರ್ಷ ಸೈನ್ಯದಲ್ಲಿದ್ದು ತನಗೇ ಇದು ಗೊತ್ತಿರಲಿಲ್ಲವಲ್ಲ ಅನ್ನುವುದು ಅವರನ್ನು ತಿನ್ನುತ್ತಿತ್ತು.

ಕೌಂಟರಿನ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳು ಹೇಳಿದ್ದು ಸರಿಯೇ ಇತ್ತು. ನಮಗೆ ಗೊತ್ತಿಲ್ಲದ್ದು ಮೂರು ವಿಷಯ. ಆ ಮೂರನ್ನೂ ಒಂದೇ ಅಂದುಕೊಂಡು ಒಂದೇ ಗಂಟಿಗೆ ಕಟ್ಟಿಟ್ಟಿದ್ದೆವು.

ಮಾವನ ಕಾರ್ಡು ಇಸಿಎಚ್‌ಎಸ್‌ದು. ಮಾಜಿ ಸೈನಿಕರ ಆರೋಗ್ಯ ಯೋಜನೆ. 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದು ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ ಮತ್ತು ಅವರನ್ನು ನಂಬಿಕೊಂಡಿರುವವರಿಗೆ. ಹೆಂಡತಿ ಬರುತ್ತಾಳೆ. ದುಡಿಯದ, ಮದುವೆಯಾಗದ ಮಗ 25 ವರ್ಷದವರೆಗೆ ಬರುತ್ತಾನೆ. ಮಗಳು ಮದುವೆಯಾಗುವ ತನಕ ಅಥವಾ ಕೆಲಸಕ್ಕೆ ಸೇರುವ ತನಕ ಬರುತ್ತಾಳೆ. ತಂದೆ ತಾಯಿಯೂ ಬರುತ್ತಾರೆ, ಅವರ ಆದಾಯ ತುಟ್ಟಿಭತ್ಯೆ ಬಿಟ್ಟು ತಿಂಗಳಿಗೆ 9 ಸಾವಿರದ ಒಳಗಿದ್ದರೆ. ಸೊಸೆ ಬರುವುದಿಲ್ಲ. ಸೇವೆಯಲ್ಲಿರುವ ಮಗನೂ ಬರುವುದಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆಯಲ್ಲಿ ಉಣ್ಣುವ ಮನೆಯಲ್ಲಿ ಅತ್ತೆಗೆ ಉಂಟು, ಸೊಸೆಗೆ ಇಲ್ಲ. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳದೆ ಹೇಗೆ ಗೊತ್ತಾಗಬೇಕು?

ಎಜಿಐಎಫ್ ಅನ್ನುವುದು ಜೀವವಿಮೆ. 1976ರಲ್ಲಿ ಶುರುವಾದ ಸೈನ್ಯದ ಗ್ರೂಪ್ ಇನ್ಶೂರೆನ್ಸ್ ನಿಧಿ. ಸೈನಿಕನಿಗೆ ಏನಾದರೂ ಆದರೆ ಮನೆಯವರಿಗೆ ಹಣ ಬರಲಿ ಅಂತ ಇರುವುದು. ಸೇವೆ ಮುಗಿದಾಗ ಉಳಿತಾಯದ ಹಣವೂ ಅದರಿಂದ ಬರುತ್ತೆ. ಒಳ್ಳೆಯದೇ. ಆದರೆ ಹೆಂಡತಿಯ ಹೊಟ್ಟೆನೋವಿಗೆ ಅದು ಆಸ್ಪತ್ರೆ ಬಿಲ್ ಕಟ್ಟುವ ಪಾಲಿಸಿ ಅಲ್ಲ. ಇನ್ಶೂರೆನ್ಸ್ ಅನ್ನುವ ಒಂದೇ ಪದ ನಮ್ಮನ್ನು ದಾರಿ ತಪ್ಪಿಸಿತು. ಪಕ್ಕದ ಊರಿನ ಹುಡುಗಿಯ ಬಾಯಲ್ಲೂ ಅದೇ ಪದ ಇತ್ತು.

ಇನ್ನು ಮೂರನೆಯದು, ನಿಜವಾಗಿ ನನಗೆ ಇದ್ದದ್ದು. ಸೇವೆಯಲ್ಲಿರುವ ಸೈನಿಕನ ಹೆಂಡತಿಗೆ ಯಾವ ಕಂಪನಿಯ ಇನ್ಶೂರೆನ್ಸೂ ಬೇಕಿಲ್ಲ. ಸೈನ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು ಅವಳಿಗೆ ಇದೆ. ಸೈನಿಕರ ಮನೆಯವರು ಅದನ್ನು ಎಂಎಚ್ ಅನ್ನುತ್ತಾರೆ, ಮಿಲಿಟರಿ ಹಾಸ್ಪಿಟಲ್. ಸಣ್ಣಪುಟ್ಟ ಜ್ವರ ನೆಗಡಿಗೆ ಕಂಟೋನ್ಮೆಂಟ್‌ಗಳಲ್ಲಿ, ಅಂದರೆ ಸೈನ್ಯದ ನೆಲೆಗಳಲ್ಲಿ, ಎಂಐ ರೂಮ್ ಅನ್ನುವ ಸಣ್ಣ ಚಿಕಿತ್ಸಾ ಕೊಠಡಿ ಇರುತ್ತೆ. ಡಾಕ್ಟರ್, ಲ್ಯಾಬ್, ಸ್ಕ್ಯಾನಿಂಗ್, ಆಪರೇಷನ್, ಹೆರಿಗೆ, ಔಷಧಿ, ಎಲ್ಲಾ ಅಲ್ಲೇ. ಅಲ್ಲಿ ಇಲ್ಲದ ಚಿಕಿತ್ಸೆ ಬೇಕಾದರೆ ಅವರೇ ಹೊರಗಿನ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಕೈಯಲ್ಲಿರಬೇಕಾದದ್ದು ಗಂಡನ ಅವಲಂಬಿತೆ ಅಂತ ತೋರಿಸುವ ಡಿಪೆಂಡೆಂಟ್ ಕಾರ್ಡು.

ಜೀವಕ್ಕೆ ಅಪಾಯ ಇರುವ ತುರ್ತು ಹೊತ್ತಿನಲ್ಲಿ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು. ಆಮೇಲೆ ಖರ್ಚು ವಾಪಸ್ ಕೇಳಲು ದಾರಿ ಇದೆ. ಇದು ನನಗೆ ಗೊತ್ತಾಗಿದ್ದು ಹೊಲಿಗೆ ಬಿಚ್ಚಿದ ಮೇಲೆ. ಅದಕ್ಕೆ ತುರ್ತಾಗಿತ್ತು ಅಂತ ಡಾಕ್ಟರ್ ಬರೆದುಕೊಟ್ಟ ಸರ್ಟಿಫಿಕೇಟ್ ಬೇಕು, ಡಿಸ್ಚಾರ್ಜ್ ಸಮ್ಮರಿ ಬೇಕು, ಮೂಲ ಬಿಲ್ಲುಗಳು ಬೇಕು. ಯೂನಿಟ್‌ಗೂ ಸೈನ್ಯದ ಆಸ್ಪತ್ರೆಗೂ ಕೂಡಲೇ ತಿಳಿಸಿರಬೇಕು. ಬಿಲ್ಲಿನಲ್ಲಿ ಇದ್ದಷ್ಟೂ ಬರುವುದಿಲ್ಲ, ಕೇಂದ್ರ ಸರ್ಕಾರ ತನ್ನ ನೌಕರರ ಆರೋಗ್ಯ ಯೋಜನೆಗೆ ನಿಗದಿ ಮಾಡಿದ ಸಿಜಿಎಚ್‌ಎಸ್ ದರದಷ್ಟು ಬರುತ್ತೆ. ನಾವು ಯಾರಿಗೂ ತಿಳಿಸಿರಲಿಲ್ಲ. ಔಷಧಿಯ ಅರ್ಧ ಬಿಲ್ಲುಗಳನ್ನು ಮಾವ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಎಸೆದಿದ್ದರು.

ಇಷ್ಟಾದರೂ ನಾವು ಅರ್ಜಿ ಹಾಕುತ್ತಿದ್ದೆವು. ಆಗಲಿಲ್ಲ, ಯಾಕೆಂದರೆ ಸೈನ್ಯದ ಪುಸ್ತಕದಲ್ಲಿ ನಮ್ಮವರಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಎಡವುವುದು ಇಲ್ಲೇ.

ಸೈನಿಕನ ಮದುವೆಯಾದರೆ ಅದು ಅವನ ಸೇವಾ ದಾಖಲೆಗೆ ಏರಬೇಕು. ಅದಕ್ಕೆ ಯೂನಿಟ್‌ನಿಂದ ಪಾರ್ಟ್ ಟೂ ಆರ್ಡರ್ ಹೊರಡಬೇಕು. ವಾಯುಪಡೆಯಲ್ಲಿ ಇದನ್ನು ಪಿಒಆರ್ ಅನ್ನುತ್ತಾರೆ. ಅದು ರೆಕಾರ್ಡ್ ಆಫೀಸಿನಲ್ಲಿ ದಾಖಲಾದ ಮೇಲೆಯೇ ಹೆಂಡತಿ ಹೆಂಡತಿ. ಅಲ್ಲಿಯ ತನಕ ಸಾವಿರ ಜನಕ್ಕೆ ಊಟ ಹಾಕಿದ ಮದುವೆಯೂ ಲೆಕ್ಕಕ್ಕಿಲ್ಲ. ಮದುವೆಯ ಸರ್ಟಿಫಿಕೇಟ್, ಗಂಡ ಹೆಂಡತಿಯ ಜಂಟಿ ಫೋಟೋ, ಆಧಾರ್ ಇವೆಲ್ಲ ಯೂನಿಟ್‌ಗೆ ಹೋಗಬೇಕು. ಎಲ್ಲದರಲ್ಲೂ ಹೆಸರು ಒಂದೇ ಥರ ಇರಬೇಕು.

ನಮ್ಮ ಹೆಸರು ಒಂದೇ ಥರ ಎಲ್ಲಿರುತ್ತೆ? ನಮ್ಮ ಕಡೆ ಮನೆತನದ ಹೆಸರು ಅಂತ ಹಿಂದೆ ಹಚ್ಚಿಕೊಳ್ಳುವ ಅಭ್ಯಾಸ ಕಡಿಮೆ. ಊರಿನದ್ದೊಂದು ಅಕ್ಷರ, ಅಪ್ಪನ ಹೆಸರಿನದ್ದೊಂದು ಅಕ್ಷರ, ಅಷ್ಟೇ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಎರಡು ಅಕ್ಷರ ಹೆಸರಿನ ಮುಂದೆ ಚುಕ್ಕಿ ಇಟ್ಟು ಬರೆದಿವೆ. ಆಧಾರ್‌ನಲ್ಲಿ ಅದೇ ಅಕ್ಷರ ಹೆಸರಿನ ಹಿಂದೆ ಬಂದಿದೆ, ಚುಕ್ಕಿ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ನೋಂದಾಯಿಸುವಾಗ ಅರ್ಜಿ ತುಂಬಿದವರು ಅಪ್ಪನ ಹೆಸರನ್ನು ಪೂರ್ತಿ ಬರೆದುಬಿಟ್ಟರು. ನಾನೂ ಸಹಿ ಹಾಕಿದೆ. ಯೂನಿಟ್‌ನ ಕ್ಲರ್ಕ್ ಸಾಹೇಬರು ಉತ್ತರದವರು. ಫಾರಂನಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಅಂತ ಮೂರು ಖಾನೆ. ನನ್ನ ಮೂರು ಕಾಗದ ನೋಡಿದ ಅವರಿಗೆ ಮೂವರು ಹೆಂಗಸರು ಕಂಡಿರಬೇಕು. ಕಾಗದ ವಾಪಸ್ ಬಂತು. ಅದು ವಾಪಸ್ ಬಂದ ವಾರವೇ ನನಗೆ ಹೊಟ್ಟೆನೋವು ಬಂದದ್ದು.

ಆಮೇಲೆ ಆಧಾರ್ ತಿದ್ದಿಸಿದೆ. ಮೂರೂ ಹೆಸರು ಒಬ್ಬಳದ್ದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಅರಕಲಗೂಡಿಗೆ ನಾಲ್ಕು ಸಲ, ಹಾಸನಕ್ಕೆ ಎರಡು ಸಲ ಓಡಾಡಿದೆ. ಪಾರ್ಟ್ ಟೂ ಆರ್ಡರ್ ಆಗಿದೆ ಅಂತ ನಮ್ಮವರು ಫೋನ್ ಮಾಡಿದ ದಿನ ನಾನು ಕೊಟ್ಟಿಗೆಯಲ್ಲಿದ್ದೆ. ಸಗಣಿ ಕೈಯಲ್ಲೇ ಫೋನ್ ಹಿಡಿದು ಅತ್ತುಬಿಟ್ಟೆ. ಮದುವೆಯ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ಕಾರ್ಡು ಕೈಗೆ ಬಂದ ಮೇಲೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಹೋಗಿದ್ದೆ. ವಾಯುಪಡೆಯ ಆಸ್ಪತ್ರೆ ಅದು, ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ಭೂಸೇನೆಯವರ ಮನೆಯವರಿಗೂ ಅಲ್ಲಿ ಚಿಕಿತ್ಸೆ ಉಂಟು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್, ನಮ್ಮ ಊರಿಂದ ಇನ್ನೂ ಜಾಸ್ತಿ. ನಸುಕಿನಲ್ಲಿ ಮನೆ ಬಿಟ್ಟೆವು. ಗೇಟಿನಲ್ಲಿ ಕಾರ್ಡು ತೋರಿಸಿದೆ, ಒಳಗೆ ಚೀಟಿ ಮಾಡಿಸಿದೆ, ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಮಣಿಪುರದ ಕಡೆಯ ಹುಡುಗಿ, ಆಕಡೆ ಬಿಹಾರದವರೊಬ್ಬರು, ಎದುರಿಗೆ ಗುಲ್ಬರ್ಗದ ಅಮ್ಮ. ಎಲ್ಲರ ಕೈಯಲ್ಲೂ ನನ್ನಂಥದ್ದೇ ಕಾರ್ಡು. ಡಾಕ್ಟರ್ ಹೊಲಿಗೆಯ ಗುರುತು ನೋಡಿದರು, ಸ್ಕ್ಯಾನ್ ಮಾಡಿಸಿದರು, ರಕ್ತ ಕಡಿಮೆ ಇದೆ ಅಂತ ಕಬ್ಬಿಣಾಂಶದ ಮಾತ್ರೆ ಬರೆದರು. ಔಷಧಿ ಕೊಡುವ ಕಿಟಕಿಯಲ್ಲಿ ನಾನು ಪರ್ಸ್ ತೆಗೆದು ಐನೂರರ ನೋಟು ಹಿಡಿದುಕೊಂಡು ನಿಂತೆ. ಒಳಗಿದ್ದವರು ನನ್ನ ಕೈ ನೋಡಿ, "ಅದನ್ನ ಒಳಗಿಡಿ ಅಮ್ಮ, ಇಲ್ಲಿ ದುಡ್ಡು ತಗೊಳಲ್ಲ" ಅಂದರು. ಕನ್ನಡದಲ್ಲೇ ಅಂದರು.

ಆ ಹಕ್ಕು ಮದುವೆಯಾದ ದಿನದಿಂದ ನನ್ನದೇ ಆಗಿತ್ತು. ಕಾಗದ ಸರಿ ಇಲ್ಲದ್ದಕ್ಕೆ, ಹೇಳುವವರು ಇಲ್ಲದ್ದಕ್ಕೆ ಅದು ನನ್ನ ಕೈಗೆ ಬರಲು ಏಳು ತಿಂಗಳು ಹಿಡಿಯಿತು.

ಜಿಲ್ಲಾಧಿಕಾರಿಗಳೇ, ನಮ್ಮ ಹಾಸನದಲ್ಲಿ ಸೈನ್ಯದ ಆಸ್ಪತ್ರೆ ಇಲ್ಲ. ಪಕ್ಕದ ಚಿಕ್ಕಮಗಳೂರಿನಲ್ಲೂ ಇಲ್ಲ. ಕಂಟೋನ್ಮೆಂಟ್ ಇಲ್ಲದ ಜಿಲ್ಲೆಗಳು ಇವು. ಇಲ್ಲೊಂದು ಕಟ್ಟಿಸಿಕೊಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಎಂಎಚ್ ಪಕ್ಕದಲ್ಲೇ ಕ್ವಾರ್ಟರ್ಸ್‌ನಲ್ಲಿ ಇರುವ ಹೆಂಗಸಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಅಲ್ಲಿ ಪಕ್ಕದ ಮನೆಯವಳೇ ಕರೆದುಕೊಂಡು ಹೋಗುತ್ತಾಳೆ. ಆವಾ ಅನ್ನುವ ಸೈನಿಕರ ಹೆಂಡತಿಯರ ಸಂಘ ಇರುತ್ತೆ, ಅಧಿಕಾರಿಗಳ ಹೆಂಡತಿಯರು ಸಭೆ ಮಾಡುತ್ತಾರೆ. ಊರಲ್ಲಿ ಉಳಿದವರಿಗೆ ಅದ್ಯಾವುದೂ ಇಲ್ಲ. ನಮ್ಮ ಸುತ್ತ ಇರುವವರು ಶುಂಠಿ, ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವವರು. ಅವರಿಗೆ ಇದರ ಗಂಧವೂ ಇಲ್ಲ, ಇರಬೇಕು ಅಂತಲೂ ಇಲ್ಲ.

ಗಂಡನನ್ನು ಕೇಳಬಾರದಾ ಅಂತ ಎಷ್ಟೋ ಜನ ಹೇಳಿದ್ದಾರೆ. ಕೇಳಬಹುದು. ಆದರೆ ಅವರು ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್‌ಗೆ ಸಿಗುತ್ತಾರೆ. ಆ ಹತ್ತು ನಿಮಿಷದಲ್ಲಿ ಪಾರ್ಟ್ ಟೂ ಆರ್ಡರ್ ಬಗ್ಗೆ ಯಾರು ಮಾತಾಡುತ್ತಾರೆ? ಊಟ ಆಯ್ತಾ, ಚಳಿ ಹೇಗಿದೆ, ಅಮ್ಮನ ಮಂಡಿ ಹೇಗಿದೆ ಅನ್ನುವಷ್ಟರಲ್ಲಿ ಲೈನ್ ಕಟ್ ಆಗುತ್ತೆ. ಎಷ್ಟೋ ಸಲ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಮದುವೆಯಾಗದ ಹುಡುಗನಿಗೆ ಹೆಂಡತಿಯ ಕಾಗದಪತ್ರದ ವಿಷಯ ಯಾಕೆ ಗೊತ್ತಿರುತ್ತೆ ಹೇಳಿ.

ನಮ್ಮ ಊರಿನ ಒಂದು ಉದಾಹರಣೆ ಕೊಡುತ್ತೇನೆ. ಸರ್ಕಾರ 2022ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯನ್ನು ಮತ್ತೆ ಶುರು ಮಾಡಿತಲ್ಲ, ಅದು ನಮ್ಮ ಊರಿನ ಮುದುಕಿಗೂ ಗೊತ್ತು. ಯಾಕೆಂದರೆ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ ಒಂದು ಹಾಳೆ ಅಂಟಿಸಿದ್ದರು. ಯಾರು ಸೇರಬಹುದು, ಎಷ್ಟು ಕಟ್ಟಬೇಕು, ಯಾವ ಕಾಗದ ತರಬೇಕು, ಕೊನೆಯ ದಿನ ಯಾವುದು, ಎಲ್ಲಾ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿತ್ತು. ಹಾಲು ಹಾಕಲು ಬಂದವರಿಗೆ ಬಾಯಲ್ಲೂ ಹೇಳಿದರು. ಓದು ಬಾರದವರ ಫಾರಂ ತಾವೇ ತುಂಬಿದರು. ಅಷ್ಟೇ ಸಾಕಾಯಿತು. ಹಾಗೇ ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದು ತಾಯಿ ಕಾರ್ಡು ಮಾಡಿಸಿದರು. ಯಾವ ತಿಂಗಳು ಯಾವ ಚುಚ್ಚುಮದ್ದು ಅಂತ ಬೆರಳಿಟ್ಟು ತೋರಿಸಿದರು. ಸೈನಿಕನ ಹೆಂಡತಿಗೆ ಇಂಥ ಒಂದು ಹಾಳೆ, ಇಂಥ ಒಬ್ಬ ಮನುಷ್ಯ ಯಾಕಿಲ್ಲ?

ನಾನು ಬಿಕಾಂ ಓದಿದವಳು. ನನ್ನ ಕೈಗೆ ಸಿಕ್ಕ ಫಾರಂಗಳೆಲ್ಲ ಹಿಂದಿಯಲ್ಲಿ ಇಂಗ್ಲಿಷಿನಲ್ಲಿ ಇದ್ದವು. ಅವುಗಳ ತುಂಬ ಎರಡಕ್ಷರ ಮೂರಕ್ಷರದ ಹೆಸರುಗಳು. ನನಗೇ ಇಷ್ಟು ಕಷ್ಟವಾದರೆ ಪಿಯುಸಿಗೇ ಮದುವೆಯಾಗಿ ಬಂದವಳ ಗತಿ ಏನು? ಹಿಂದಿ ಬಾರದು ಅನ್ನುವ ಒಂದೇ ಕಾರಣಕ್ಕೆ ಯೂನಿಟ್‌ಗೆ ಫೋನ್ ಮಾಡಲು ಹೆದರುವ ಹೆಣ್ಣುಮಕ್ಕಳು ನನಗೆ ಗೊತ್ತು.

ಹಾಗಾಗಿ ನಾನು ಕೇಳುವುದು ಇದು. ಕನ್ನಡದಲ್ಲಿ ಒಂದು ಹಾಳೆ ಅಚ್ಚು ಮಾಡಿಸಿ. ಎರಡು ಮಗ್ಗುಲು ಸಾಕು. ಸೇವೆಯಲ್ಲಿರುವವನ ಹೆಂಡತಿಗೆ ಏನುಂಟು, ಮಾಜಿ ಸೈನಿಕನ ಹೆಂಡತಿಗೆ ಏನುಂಟು ಅಂತ ಬೇರೆ ಬೇರೆ ಮಾಡಿ ಬರೆಯಲಿ. ಮದುವೆಯಾದ ಮೊದಲ ತಿಂಗಳಲ್ಲಿ ಯಾವ ಕಾಗದ ಯಾರಿಗೆ ಕಳಿಸಬೇಕು, ಹೆಸರು ಹೇಗಿರಬೇಕು ಅನ್ನುವುದು ಇರಲಿ. ರಾತ್ರಿ ಎರಡು ಗಂಟೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೊದಲು ಯಾರಿಗೆ ತಿಳಿಸಬೇಕು, ಯಾವ ಕಾಗದ ಕೈಬಿಡಬಾರದು ಅನ್ನುವುದು ದಪ್ಪ ಅಕ್ಷರದಲ್ಲಿ ಇರಲಿ. ಎಂಎಚ್ ಇಲ್ಲದ ಜಿಲ್ಲೆಯಲ್ಲಿ ಇರುವ ಹೆಂಡತಿಗೆ ಹೆರಿಗೆಯ ವಿಷಯದಲ್ಲಿ ನಿಯಮ ಏನು ಅನ್ನುವುದೂ ಅದರಲ್ಲಿ ಬರಲಿ.

ಆ ಹಾಳೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗಬೇಕು. ಅಲ್ಲೇ ಯಾಕೆ ಅಂದರೆ ಮದುವೆ ನೋಂದಾಯಿಸಲು ನಮ್ಮ ಕಡೆಯವರು ಹೋಗುವುದು ಅಲ್ಲಿಗೇ. ಗಂಡಿನ ಕೆಲಸ ಏನು ಅಂತ ಕೇಳಿದಾಗ ಸೈನ್ಯ ಅಂದರೆ ಅಲ್ಲೇ ಒಂದು ಹಾಳೆ ಕೈಗೆ ಕೊಡಲಿ. ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೇ, ಒಂದು ಚುಕ್ಕಿಯೂ ಬಿಡದೆ ಬರೆಯಿರಿ ಅಂತ ಒಂದು ಮಾತು ಹೇಳಲಿ. ಆ ಒಂದು ಮಾತು ನನಗೆ ಯಾರಾದರೂ ಹೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಸೈನಿಕ ಕಲ್ಯಾಣ ಇಲಾಖೆಯವರಿಗೆ ಇನ್ನೊಂದು ವಿನಂತಿ. ತಿಂಗಳಿಗೆ ಒಂದು ದಿನ, ಇಂಥ ದಿನ ಅಂತ ಗೊತ್ತುಮಾಡಿ, ಊರಲ್ಲಿ ಉಳಿದ ಹೆಂಡತಿಯರಿಗಾಗಿಯೇ ಒಬ್ಬರನ್ನು ಕೂರಿಸಿ. ಸಾಧ್ಯವಾದರೆ ಒಬ್ಬ ಹೆಂಗಸು ಇರಲಿ. ಸೈನಿಕನ ಹೆಂಡತಿಯಾಗಿ ಇಪ್ಪತ್ತು ವರ್ಷ ಊರೂರು ಸುತ್ತಿ ಬಂದು ಈಗ ಹಾಸನದಲ್ಲಿ ಮನೆ ಕಟ್ಟಿಕೊಂಡಿರುವ ಅಮ್ಮಂದಿರು ಎಷ್ಟೋ ಜನ ಇದ್ದಾರೆ. ಅವರಿಗೆ ಎಲ್ಲಾ ಗೊತ್ತು. ಕರೆದರೆ ಬಂದೇ ಬರುತ್ತಾರೆ. ಪ್ರತಿ ವರ್ಷ ಡಿಸೆಂಬರ್ 7ರಂದು ಧ್ವಜ ದಿನ ಮಾಡುತ್ತೀರಿ. ಶಾಲೆ, ಆಫೀಸು, ಅಂಗಡಿಗಳಲ್ಲಿ ಜನ ಪ್ರೀತಿಯಿಂದ ದುಡ್ಡು ಕೊಡುತ್ತಾರೆ. ನಾನು ಶಾಲೆಯಲ್ಲಿದ್ದಾಗ ಎದೆಗೆ ಆ ಪುಟ್ಟ ಧ್ವಜ ಚುಚ್ಚಿಕೊಂಡು ಹೆಮ್ಮೆಪಟ್ಟವಳು. ಆ ದಿನ ಈ ಹಾಳೆಯನ್ನೂ ಹಂಚಬಹುದಲ್ವಾ?

ಜಿಲ್ಲೆಯ ಆಸ್ಪತ್ರೆಗಳ ಕೌಂಟರ್‌ಗಳಿಗೂ ಒಂದು ಸೂಚನೆ ಹೋಗಲಿ. ಮಿಲಿಟರಿ ಅಂತ ಯಾರಾದರೂ ಬಂದರೆ, ಸೇವೆಯಲ್ಲಿರುವವರಾ ನಿವೃತ್ತರಾ ಅಂತ ಮೊದಲು ಕೇಳಲಿ. ಕಾರ್ಡು ನಡೆಯದಿದ್ದರೆ ನಡೆಯುವುದಿಲ್ಲ ಅನ್ನಲಿ, ಪರವಾಗಿಲ್ಲ. ಜೊತೆಗೆ, ತುರ್ತು ಸರ್ಟಿಫಿಕೇಟ್ ಬರೆಸಿಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ, ಯೂನಿಟ್‌ಗೆ ತಿಳಿಸಿ ಅಂತ ಒಂದು ಮಾತು ಸೇರಿಸಲಿ.

ಇನ್ನು ನನ್ನಂಥವರ ಮನೆಗಳಿಗೆ ಎರಡು ಮಾತು.

ಮದುವೆ ನೋಂದಣಿಯನ್ನು ಮುಂದೂಡಬೇಡಿ. ಬೀಗರೂಟ ಮುಗಿದ ಮಾರನೇ ದಿನವೇ ಹೋಗಿ. ಹುಡುಗ ರಜೆಯ ಮೇಲೆ ಊರಲ್ಲಿ ಇರುವಾಗಲೇ ಆಗಬೇಕಾದ ಕೆಲಸ ಅದು. ಅವನು ಹೊರಡುವಾಗ ಚಕ್ಕುಲಿ ಡಬ್ಬಿಯ ಜೊತೆ ಆ ಸರ್ಟಿಫಿಕೇಟೂ ಬ್ಯಾಗಿನಲ್ಲಿ ಇರಲಿ. ಪಾರ್ಟ್ ಟೂ ಆರ್ಡರ್ ಆಯಿತಾ ಅಂತ ಕೇಳಲು ನಾಚಿಕೆ ಬೇಡ. ಜೀವವಿಮೆಯ ನಾಮಿನಿ ಯಾರು ಅಂತಲೂ ಕೇಳಿ. ಮದುವೆಗೆ ಮುಂಚೆ ಅಮ್ಮನ ಹೆಸರು ಕೊಟ್ಟಿರುತ್ತಾರೆ, ಆಮೇಲೆ ಬದಲಾಯಿಸಲು ಮರೆತಿರುತ್ತಾರೆ. ದುಡ್ಡಿನ ಆಸೆಗೆ ಕೇಳುತ್ತಾಳೆ ಅಂತ ಅತ್ತೆ ಅಂದುಕೊಂಡಾರು ಅಂತ ನಾನೂ ಹಿಂಜರಿದಿದ್ದೆ. ಒಂದು ದಿನ ಅತ್ತೆಯೇ, "ಕೇಳು ಮಗಳೇ, ನಾನೂ ಒಂದು ಕಾಲದಲ್ಲಿ ಸಿಪಾಯಿ ಹೆಂಡ್ತಿನೇ" ಅಂದರು.

ಮಗು ಹುಟ್ಟಿದರೆ ಅದಕ್ಕೂ ಪಾರ್ಟ್ ಟೂ ಆರ್ಡರ್ ಬೇರೆಯಾಗಿ ಆಗಬೇಕು. ನನ್ನ ಮಗುವಿಗೆ ಇನ್ನೂ ಎರಡು ತಿಂಗಳಿದೆ. ಅದರ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರು ಹೇಗೆ ಬರೆಸಬೇಕು ಅಂತ ಈಗಲೇ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟಿದ್ದೇನೆ.

ಹೆರಿಗೆಗೆ ಬೆಂಗಳೂರಿಗೆ ಹೋಗುವುದಿಲ್ಲ. ತುಂಬು ಗರ್ಭಿಣಿ ಅಷ್ಟು ದೂರ ಹೋಗುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದೆವು. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸುತ್ತೇವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ, ಸಿಸೇರಿಯನ್‌ಗೆ ಕೂಡ ದುಡ್ಡಿಲ್ಲ. ಸೈನಿಕನ ಹೆಂಡತಿ ಅಂತ ಇದಕ್ಕೆ ಅಡ್ಡಿ ಏನಿಲ್ಲ. ಊರಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ನಮಗೆ ಇದೆಲ್ಲ ಬರುವುದಿಲ್ಲವೇನೋ ಅಂತ ಸುಮ್ನೆ ಖಾಸಗಿ ಕಡೆ ಹೋಗಿ ಸಾಲ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಬೇಡಿ.

ಖಾಸಗಿ ಇನ್ಶೂರೆನ್ಸ್ ಮಾಡಿಸಲೇಬೇಕಾ ಅಂತ ಆ ಹುಡುಗಿಯೂ ಕೇಳಿದಳು. ನನ್ನ ಅನಿಸಿಕೆ ಹೇಳುತ್ತೇನೆ. ಎಂಎಚ್ ಹತ್ತಿರ ಇರುವವರಿಗೆ ಅದರ ಅಗತ್ಯ ಕಾಣುವುದಿಲ್ಲ. ನಮ್ಮ ಹಾಗೆ ದೂರ ಇರುವವರು, ವರ್ಷದಲ್ಲಿ ಹತ್ತು ತಿಂಗಳು ಊರಲ್ಲೇ ಇರುವವರು, ಕೈಗೆ ಎಟುಕಿದರೆ ಒಂದು ಸಣ್ಣ ಪಾಲಿಸಿ ಮಾಡಿಸಿಕೊಳ್ಳಬಹುದು. ಆದರೆ ಏಜೆಂಟ್ ಹೆದರಿಸಿದ ಅಂತ ಮಾಡಿಸಬೇಡಿ. ಹೆರಿಗೆಯ ಖರ್ಚು ಬರಬೇಕಾದರೆ ಎಷ್ಟು ಕಾಲ ಕಾಯಬೇಕು ಅಂತ ಮೊದಲು ಕೇಳಿ. ನನಗೆ ತೋರಿಸಿದ ಪಾಲಿಸಿಯಲ್ಲಿ ಎರಡು ವರ್ಷ ಇತ್ತು. ಮೊದಲೇ ಇದ್ದ ಕಾಯಿಲೆಗೂ ಕಾಯುವ ಅವಧಿ ಇರುತ್ತೆ. 2024ರ ಏಪ್ರಿಲ್‌ನಿಂದ ಅದು ಮೂರು ವರ್ಷ ಮೀರುವಂತಿಲ್ಲ.

ಮುಂದೆ ನಮ್ಮವರೂ ನಿವೃತ್ತರಾಗುತ್ತಾರೆ. ಆಗ ನಮಗೂ ಇಸಿಎಚ್‌ಎಸ್ ಬರುತ್ತೆ. ಹವಾಲ್ದಾರ್ ದರ್ಜೆಯವರೆಗೆ ಒಂದೇ ಸಲ 30 ಸಾವಿರ ಮುರಿದುಕೊಳ್ಳುತ್ತಾರೆ, ಜೀವನಪೂರ್ತಿ ಗಂಡ ಹೆಂಡತಿ ಇಬ್ಬರಿಗೂ ಆಗುತ್ತೆ. ಆ ಕಾರ್ಡು ಇರುವವರು ತುರ್ತಿನಲ್ಲಿ ಯೋಜನೆಗೆ ಸೇರದ ಆಸ್ಪತ್ರೆಗೆ ದಾಖಲಾದರೆ ಎರಡು ದಿನದೊಳಗೆ ಇಸಿಎಚ್‌ಎಸ್‌ನವರದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನೇ ಮತ್ತೆ ಕೇಳಿಸಿಕೊಂಡು, ಹೌದು ಕಣವ್ವ ಅಂತ ತಲೆಯಾಡಿಸಿದರು.

ಜಿಲ್ಲಾಧಿಕಾರಿಗಳೇ, ನಾನು ಕೇಳಿದ ಆ ಹಾಳೆಯನ್ನು ನಾನೇ ಒಂದು ಸಲ ಬರೆದು ನೋಡಿದ್ದೇನೆ. ಪಕ್ಕದ ಊರಿನ ಹುಡುಗಿಗೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಎರಡು ಮಗ್ಗುಲಲ್ಲಿ ಕೈಬರಹದಲ್ಲಿ ಬರೆದಿದ್ದೇನೆ. ನನಗೆ ತಿಳಿದಷ್ಟು ಬರೆದಿದ್ದೇನೆ, ನಿಯಮ ಬಲ್ಲವರು ತಿದ್ದಬೇಕು. ಬರುವ ಸೋಮವಾರ ಹಾಸನಕ್ಕೆ ತಪಾಸಣೆಗೆ ಬರುತ್ತಿದ್ದೇನೆ. ಮಾವ ಜೊತೆಗಿರುತ್ತಾರೆ. ಅದನ್ನು ನಿಮ್ಮ ಕಚೇರಿಯಲ್ಲಿ ಒಂದು ಪ್ರತಿ, ಸೈನಿಕ ಕಲ್ಯಾಣ ಇಲಾಖೆಯಲ್ಲಿ ಒಂದು ಪ್ರತಿ ಕೊಟ್ಟು ಹೋಗುತ್ತೇವೆ. ದಯವಿಟ್ಟು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡಿ. ಅಚ್ಚಾಗುವ ತನಕ ಜೆರಾಕ್ಸ್ ಮಾಡಿಸಿ ಹಂಚುವ ಕೆಲಸ ನನ್ನದು.

ಇಂತಿ,
ಸೇವೆಯಲ್ಲಿರುವ ಒಬ್ಬ ಸೈನಿಕನ ಹೆಂಡತಿ,
ನಿವೃತ್ತ ಹವಾಲ್ದಾರರ ಸೊಸೆ,
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ